ಮೂರು ಸಲ ಬಿದ್ದ ಕ್ಯಾಪು

ನಮ್ಮ ಸೋದರಮಾವ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಒಣಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಯಿ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಡಬ್ಬಿ ತಳಿಯೋ ಕಡ್ಡಿ ತಳಿಯೋ, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿನಿಂದ ಬಂದ ಹಳೆಯ ಮಾಲೋ ಎಂದು ಹೇಳಬಲ್ಲರು. ಅಂಥವರಿಗೂ ತಮ್ಮ ಬಾಯಿಯೊಳಗಿನ ಒಂದು ವಿಷಯ ಮಾತ್ರ ಐದು ವರ್ಷ ಅರ್ಥವಾಗಲಿಲ್ಲ.

ಮೇಲಿನ ಸಾಲಿನ ಮುಂದಿನ ಹಲ್ಲೊಂದು ಮುರಿದಿತ್ತು. ಕ್ಯಾಪ್ ಹಾಕಿಸಿದರು, ಎಂಟು ತಿಂಗಳಿಗೆ ಬಿತ್ತು. ಅದನ್ನೇ ತೊಳೆದು ಮತ್ತೆ ಅಂಟಿಸಿಕೊಂಡು ಬಂದರು, ಅದೂ ಬಿತ್ತು. ಮೂರನೆಯ ಸಲ ಬೇರೆ ಊರಿಗೆ ಹೋಗಿ, ಹೆಚ್ಚು ದುಡ್ಡು ಕೊಟ್ಟು ಹೊಸದನ್ನೇ ಹಾಕಿಸಿದರು. ಆ ಕ್ಯಾಪು ಸಡಿಲಾಗಿ ಬೀಳಲಿಲ್ಲ, ಒಳಗಿದ್ದ ಹಲ್ಲಿನ ಮೋಟನ್ನೇ ಮುರಿದುಕೊಂಡು ರೊಟ್ಟಿಯ ಜೊತೆ ಕೈಗೆ ಬಂತು. ಅಂಟು ಸರಿಯಿಲ್ಲ, ಮಾಲು ಕಳಪೆ, ಡಾಕ್ಟರಿಗೆ ಕೈಗುಣವಿಲ್ಲ ಎಂದು ಮನೆಯವರೆಲ್ಲ ಒಂದೊಂದು ಕಾರಣ ಹೇಳಿದೆವು.

ಕೊನೆಗೆ ರಾಣೆಬೆನ್ನೂರಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುರಿದ ಹಲ್ಲನ್ನು ಒಂದು ಕ್ಷಣ ನೋಡಿ ಬಿಟ್ಟು, ಕನ್ನಡಿಯನ್ನು ನೇರ ಹಿಂದಕ್ಕೆ ತೂರಿಸಿದರು.

"ಯಜಮಾನ್ರ, ಹಿಂದಿನ ದವಡಿ ಹಲ್ಲು ಯಾವಾಗ ಕೀಳಿಸೀರಿ?"

"ಅದ ಆತ್ರೀ, ಇಪ್ಪತ್ತು ವರ್ಷದ ಮ್ಯಾಲ. ಅದರದ್ದೇನು ತ್ರಾಸಿಲ್ಲ ಈಗ."

"ಅದರದ್ದ ತ್ರಾಸು ನಿಮಗ," ಎಂದರು ಡಾಕ್ಟರು. ಮುಂದಿನ ಹಲ್ಲೊಂದನ್ನೇ ಸರಿಮಾಡಿ ಉಪಯೋಗವಿಲ್ಲ, ಇಡೀ ಬಾಯಿಗೆ ಕೆಲಸ ಹಿಡಿಯಬೇಕು ಎಂದು ಹೇಳಿದರು. ಹೊರಗೆ ಬಂದ ಮಾವ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿದರು: "ಒಂದು ಹಂಚು ಒಡದೈತಿ ಅಂದ್ರ, ಮನೀನ ಇಳಿಸಿ ಕಟ್ಟೂಣು ಅಂತಾಳಲ್ಲೋ ಈಕಿ!"

ಈ ಅನುಮಾನ ಅವರೊಬ್ಬರದ್ದಲ್ಲ. 'ಫುಲ್ ಮೌತ್ ರಿಹ್ಯಾಬಿಲಿಟೇಶನ್' ಎಂದು ಹಾವೇರಿಯ ಬಸ್‌ ನಿಲ್ದಾಣದ ಸುತ್ತ ಯಾರಿಗೆ ಹೇಳಿದರೂ ಮೊದಲು ಜೇಬು ಮುಟ್ಟಿಕೊಳ್ಳುತ್ತಾರೆ. ನಾವು ಇದನ್ನು 'ಇಡೀ ಬಾಯಿಯ ಮರುಕಟ್ಟೋಣ' ಎಂದು ಕರೆಯೋಣ. ಒಂದೆರಡು ಹಲ್ಲಿನ ತೊಂದರೆಗೆ ಇಡೀ ಬಾಯಿ ಏಕೆ ಲೆಕ್ಕಕ್ಕೆ ಬರುತ್ತದೆ?

ಅಡಕೊತ್ತಿನ ಲೆಕ್ಕ

ಅಡಕೊತ್ತನ್ನು ಬಳಸಿದವರಿಗೆಲ್ಲ ಗೊತ್ತು: ಗಟ್ಟಿ ಅಡಿಕೆಯನ್ನು ತುದಿಯಲ್ಲಿಟ್ಟು ಯಾರೂ ಒತ್ತುವುದಿಲ್ಲ, ಕೀಲಿನ ಹತ್ತಿರಕ್ಕೆ ತಳ್ಳುತ್ತಾರೆ. ಕೀಲಿಗೆ ಹತ್ತಿರವಾದಷ್ಟೂ ಒತ್ತಡ ಹೆಚ್ಚು. ನಮ್ಮ ಕೆಳದವಡೆಯೂ ಒಂದು ಅಡಕೊತ್ತೇ. ಕೀಲು ಕಿವಿಯ ಮುಂದಿದೆ. ಅಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಅದು ಹೊರಳುವುದೂ ಜಾರುವುದೂ ಬೆರಳಿಗೇ ತಿಳಿಯುತ್ತದೆ. ದವಡೆ ಹಲ್ಲುಗಳು ಆ ಕೀಲಿಗೆ ಹತ್ತಿರ, ಮುಂದಿನ ಹಲ್ಲುಗಳು ದೂರ. ಹಾಗಾಗಿ ಅರೆಯುವ ಭಾರವೆಲ್ಲ ಹಿಂದಿನವುಗಳದ್ದು. ಅವು ಅಗಲವಾಗಿವೆ, ಎರಡು ಮೂರು ಬೇರು ಬಿಟ್ಟು ನಿಂತಿವೆ. ಮುಂದಿನವು ತೆಳ್ಳಗೆ, ಒಂದೊಂದೇ ಬೇರು. ಅವುಗಳ ಕೆಲಸ ಕತ್ತರಿಸುವುದು, ಜೊತೆಗೆ ದವಡೆ ಅತ್ತಿತ್ತ ಸರಿಯುವಾಗ ದಾರಿ ತೋರಿಸುವುದು.

ಬಾಯಿ ಮುಚ್ಚಿದಾಗ ದವಡೆ ಎಲ್ಲಿ ನಿಲ್ಲಬೇಕು ಎಂದು ತಡೆದು ಹಿಡಿಯುವ ಗೂಟಗಳೂ ಹಿಂದಿನ ಹಲ್ಲುಗಳೇ. ಅವು ಹೋದ ಮೇಲೆ ಸ್ನಾಯುಗಳ ಬಲವೇನೂ ಕಡಿಮೆಯಾಗುವುದಿಲ್ಲ, ಆ ಬಲ ಮುಂದಿನ ಹಲ್ಲುಗಳ ಮೇಲೆ ಬೀಳುತ್ತದೆ. ಕೆಳಗಿನ ಮುಂಬಲ್ಲುಗಳು ಮೇಲಿನವುಗಳ ಬೆನ್ನಿಗೆ ದಿನವೂ ಗುದ್ದುತ್ತವೆ. ಎರಡೂ ಕಡೆ ಸವೆಯುತ್ತದೆ. ಮೇಲಿನವು ಬೀಸಣಿಗೆಯಂತೆ ಹೊರಕ್ಕೆ ಬಾಗಿ ಸಂದು ಬಿಡುತ್ತವೆ. ಅಲ್ಲಿ ಹಾಕಿದ ಕ್ಯಾಪಿನ ಗತಿ, ಹೊಸ್ತಿಲಿಗೆ ತಾಗುವ ಬಾಗಿಲಿಗೆ ಹೊಡೆದ ಬಣ್ಣದ ಗತಿ. ಎಷ್ಟು ಒಳ್ಳೆಯ ಬಣ್ಣವಾದರೂ ತಾಗುವ ಕಡೆ ಉಳಿಯದು.

ಮಾವನ ಕ್ಯಾಪು ಮೂರು ಸಲ ಬಿದ್ದ ಒಗಟು ಇಲ್ಲಿಗೆ ಅರ್ಧ ಬಿಡಿಸಿದಂತಾಯಿತು. ಇನ್ನರ್ಧ ಇರುವುದು ಹಲ್ಲು ಎಲುಬಿನಲ್ಲಿ ನಿಂತಿರುವ ಬಗೆಯಲ್ಲಿ.

ಜೋಲಿಯಲ್ಲಿ ತೂಗುವ ಹಲ್ಲು

ಹಲ್ಲು ಎಂದರೆ ಗೋಡೆಗೆ ಹೊಡೆದ ಮೊಳೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಎಲುಬಿಗೆ ಅಂಟಿಕೊಂಡೇ ಇಲ್ಲ. ಬೇರಿಗೂ ಎಲುಬಿಗೂ ನಡುವೆ ಸುತ್ತಲೂ ಸಣ್ಣ ಸಂದು, ಸುಮಾರು 0.2 ಮಿಲಿಮೀಟರ್. ಆ ಸಂದಿನ ತುಂಬ ಸಾವಿರಾರು ನಾರುಗಳು, ಒಂದು ತುದಿ ಬೇರಿನಲ್ಲಿ, ಇನ್ನೊಂದು ತುದಿ ಎಲುಬಿನಲ್ಲಿ ಹೂತುಕೊಂಡಿರುತ್ತವೆ. ತೊಲೆಗೆ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಲಿಯ ಹಾಗೆ ಹಲ್ಲು ಈ ನಾರುಗಳಲ್ಲಿ ತೂಗಿಕೊಂಡಿದೆ. ವೈದ್ಯರು ಪೆರಿಯೊಡಾಂಟಲ್ ಲಿಗಮೆಂಟ್ ಎನ್ನುವ ಇದನ್ನು ನಾವು ಜೋಲಿನಾರು ಎನ್ನೋಣ.

ಕೂಸು ಭಾರ ಬಿಟ್ಟಾಗ ಜೋಲಿ ತೊಲೆಯನ್ನು ಎಳೆಯುತ್ತದೆ. ಹಾಗೆಯೇ ಕಚ್ಚಿದಾಗ ಹಲ್ಲು ಕೆಳಗೊತ್ತಿದರೂ ಎಲುಬಿಗೆ ತಲುಪುವುದು ಬಹುಮಟ್ಟಿಗೆ ಎಳೆತ. ಎಲುಬು ಜೀವಂತ ವಸ್ತು. ಎಳೆತ ಇರುವಲ್ಲಿ ತನ್ನನ್ನು ಕಟ್ಟಿಕೊಳ್ಳುತ್ತದೆ, ಕೆಲಸವಿಲ್ಲದ ಕಡೆ ಕರಗುತ್ತದೆ. ಹಲ್ಲು ಕಿತ್ತ ಜಾಗದ ಎಲುಬಿನ ದಿಂಡು ಒಂದು ವರ್ಷದೊಳಗೆ ತನ್ನ ಅಗಲದಲ್ಲಿ ಸುಮಾರು ಅರ್ಧ ಕಳೆದುಕೊಳ್ಳುತ್ತದೆ, ಅದರ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ.

ಜೋಲಿನಾರಿನಲ್ಲಿ ನರಗಳೂ ಇವೆ, ಅವುಗಳ ಸೂಕ್ಷ್ಮತೆಗೆ ಸಾಟಿ ಸಿಗುವುದು ಕಷ್ಟ. ಮೇಲೆ ಕೆಳಗೆ ಎರಡೂ ಸ್ವಂತ ಹಲ್ಲಿದ್ದರೆ ನಡುವೆ ಸಿಕ್ಕ ಸುಮಾರು 20 ಮೈಕ್ರಾನ್ ದಪ್ಪದ ಹಾಳೆಯೂ ತಿಳಿಯುತ್ತದೆ. ತಲೆಗೂದಲು ಅದರ ಮೂರು ನಾಲ್ಕು ಪಟ್ಟು ದಪ್ಪ. ಅನ್ನದ ತುತ್ತಿನಲ್ಲಿ ಹರಳೊಂದು ಸಿಕ್ಕಿದಾಗ 'ಕಲ್ಲು' ಎಂದು ನಿಮಗೆ ಅನ್ನಿಸುವ ಮೊದಲೇ ದವಡೆ ನಿಂತುಬಿಟ್ಟಿರುತ್ತದೆ. ನಿಲ್ಲಿಸಿದ್ದು ನೀವಲ್ಲ, ಈ ನಾರುಗಳು.

ಜೋಲಿಯಲ್ಲಿದೆ ಎಂದಮೇಲೆ ಹಲ್ಲು ಸರಿದಾಡಲೂಬಹುದು. ಮಕ್ಕಳ ಹಲ್ಲಿಗೆ ತಂತಿ ಹಾಕಿ ಸಾಲು ಸರಿಮಾಡುವುದು ಸಾಧ್ಯವಾಗಿದ್ದೇ ಇದರಿಂದ. ತಂತಿ ಇಲ್ಲದೆಯೂ ಅವು ಜೀವಮಾನವಿಡೀ ಸರಿಯುತ್ತಲೇ ಇರುತ್ತವೆ: ಪ್ರತಿಯೊಂದೂ ಎದುರಿನ ಜೋಡಿಯನ್ನು ಹುಡುಕಿಕೊಂಡು, ಪಕ್ಕದ್ದಕ್ಕೆ ಒರಗಿಕೊಂಡು. ಕೆಳಗಿನ ದವಡೆ ಹಲ್ಲು ಕೀಳಿಸಿದರೆ ಮೇಲಿನದು ತಡೆಯುವವರಿಲ್ಲದೆ ನಿಧಾನಕ್ಕೆ ಇಳಿಯುತ್ತದೆ. ಹಿಂದಿನದು ಖಾಲಿ ಜಾಗದ ಕಡೆ ವಾಲುತ್ತದೆ. ಸಾಲಿನಲ್ಲಿ ಒತ್ತಿ ಜೋಡಿಸಿದ ಪುಸ್ತಕಗಳಲ್ಲಿ ಒಂದನ್ನು ತೆಗೆದರೆ ಉಳಿದವು ಓರೆಯಾಗುವುದಿಲ್ಲವೇ, ಹಾಗೆ. ವರ್ಷಕ್ಕೆ ಎಷ್ಟು ಎಂದರೆ ಗಮನಕ್ಕೆ ಬಾರದಷ್ಟು. ಮಾವನ ಬಾಯಿಯಲ್ಲಿ ಇಪ್ಪತ್ತು ವರ್ಷಗಳಲ್ಲಿ ಮೇಲಿನ ಹಲ್ಲು ಇಳಿದು ಕೆಳಗಿನ ವಸಡಿಗೆ ಮುಟ್ಟುವುದೊಂದು ಬಾಕಿ ಇತ್ತು. "ಕೆಳಗ ಹೊಸಾ ಹಲ್ಲು ಕೂಡ್ರಸಾಕ ಜಾಗಾನ ಇಲ್ಲ ನೋಡ್ರಿ," ಎಂದು ಡಾಕ್ಟರು ಕನ್ನಡಿಯಲ್ಲಿ ತೋರಿಸಿದಾಗ ಅವರು ಮೊದಲ ಸಲ ಸುಮ್ಮನಾದರು.

'ಅಮ್ಮ' ಎಂದು ನಿಲ್ಲಿಸಿ

ಈಗ ಒಂದು ಸಣ್ಣ ಪ್ರಯೋಗ. ನೆಟ್ಟಗೆ ಕುಳಿತು 'ಅಮ್ಮ' ಎಂದು ಹೇಳಿ, ತುಟಿಗಳು ಹಾಗೇ ಇರಲಿ. ನಿಮ್ಮ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿವೆಯೇ? ಇಲ್ಲ. ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುತ್ತದೆ. ಆರೋಗ್ಯವಂತರ ಹಲ್ಲುಗಳು ಇಡೀ ದಿನದಲ್ಲಿ ಒಂದಕ್ಕೊಂದು ತಾಗಿರುವ ಹೊತ್ತನ್ನೆಲ್ಲ ಕೂಡಿಸಿದರೆ ಸುಮಾರು ಇಪ್ಪತ್ತು ನಿಮಿಷವಾದರೆ ಹೆಚ್ಚು. ಉಳಿದ ಹೊತ್ತೆಲ್ಲ ದವಡೆ ಈ ವಿಶ್ರಾಂತಿ ಸಂದಿನಲ್ಲಿ ತೂಗಿಕೊಂಡಿರುತ್ತದೆ.

ಹಲ್ಲು ಕೂಡಿಸಿ ಕಚ್ಚಿದಾಗ ಮೂಗಿನ ತುದಿಯಿಂದ ಗದ್ದದವರೆಗೆ ಎಷ್ಟು ದೂರವೋ ಅದನ್ನು 'ಕಚ್ಚಿನ ಎತ್ತರ' ಎಂದು ಕರೆಯೋಣ. ಈ ಅಧ್ಯಾಯದಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಮನೆಯ ಮಾಡು ಎಷ್ಟೆತ್ತರ ಇರಬೇಕೆಂದು ಕಂಬಗಳು ಹೇಳುವಂತೆ, ಮುಖದ ಕೆಳಭಾಗ ಎಷ್ಟುದ್ದ ಇರಬೇಕೆಂದು ಹಿಂದಿನ ಹಲ್ಲುಗಳು ಹೇಳುತ್ತವೆ. ಹಲ್ಲೆಲ್ಲ ಹೋದ ಅಜ್ಜಿ ಬಾಯಿ ಮುಚ್ಚಿದಾಗ ಗದ್ದ ಹೋಗಿ ಮೂಗನ್ನು ಮುಟ್ಟುವಂತಾಗುವುದನ್ನು ನಾವೆಲ್ಲ ನೋಡಿದ್ದೇವೆ, ಚಿಕ್ಕವರಿದ್ದಾಗ ನಕ್ಕಿದ್ದೇವೆ ಕೂಡ. ಮುಖ ಮುದುಡಿದ್ದು ಚರ್ಮಕ್ಕೆ ವಯಸ್ಸಾಗಿ ಮಾತ್ರವಲ್ಲ, ಒಳಗೆ ಕಂಬ ಬಿದ್ದು ಮಾಡು ಇಳಿದಿತ್ತು. ತುಟಿಯ ಮೂಲೆಗಳು ಒಂದರ ಮೇಲೊಂದು ಮಡಿಸಿಕೊಂಡು, ಅಲ್ಲಿ ಎಂಜಲು ನಿಂತು ಹುಣ್ಣಾಗುವುದೂ ಇದರಿಂದಲೇ.

ಸವೆದ ಹಲ್ಲಿನ ಕಥೆ ಸ್ವಲ್ಪ ಬೇರೆ. ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು, ನೂರಕ್ಕೆ 96 ಭಾಗ ಖನಿಜ. ಆದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಸತ್ತಿರುತ್ತವೆ. ಸವೆದದ್ದು ಮತ್ತೆ ಬೆಳೆಯದು. ಎಲೆಯಡಿಕೆ, ಕಡ್ಡಿಪುಡಿ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಹೊಟ್ಟೆಯ ಹುಳಿ ಮೇಲೆ ಬರುವ ಕಾಯಿಲೆ ಎಲ್ಲವೂ ಅದನ್ನು ತಿನ್ನುತ್ತವೆ. ಹಲ್ಲು ಸವೆದಂತೆಲ್ಲ ಎಲುಬಿನ ಸಮೇತ ಮೇಲೇರಿ ಕೊರತೆಯನ್ನು ತುಂಬಿಕೊಳ್ಳಲು ನೋಡುತ್ತದೆ. ಅದಕ್ಕೇ ಹಲ್ಲು ಅರ್ಧ ಸವೆದವರಲ್ಲೂ ಕೆಲವರ ಮುಖ ಗಿಡ್ಡವಾಗಿರುವುದಿಲ್ಲ. ಎತ್ತರ ನಿಜಕ್ಕೂ ಕುಸಿದಿದೆಯೇ, ಇಲ್ಲವೇ ಎಂದು ಅಳೆಯದೆ ಎಲ್ಲರಿಗೂ ಎತ್ತರಿಸಿ ಕಟ್ಟಿದರೆ ವಿಶ್ರಾಂತಿ ಸಂದು ಮಾಯವಾಗಿ, ಸ್ನಾಯುಗಳಿಗೆ ಬಿಡುವಿಲ್ಲದೆ ಕಪೋಲ, ಕಿವಿಯ ಮುಂಭಾಗ ನೋಯತೊಡಗುತ್ತವೆ.

ಇಲ್ಲಿ ಮಾವನ ಅನುಮಾನದ ಪರವಾಗಿಯೂ ಒಂದು ಮಾತು ಹೇಳಬೇಕು. ಹಲ್ಲು ಹೋದವರಿಗೆಲ್ಲ ಮರುಕಟ್ಟೋಣ ಬೇಕಾಗಿಲ್ಲ. ನೆದರ್‌ಲ್ಯಾಂಡ್ಸ್‌ನ ದಂತವಿಜ್ಞಾನಿ ಕೈಸರ್ 1980ರ ದಶಕದಲ್ಲೇ ತೋರಿಸಿದಂತೆ, ತೀರ ಹಿಂದಿನ ಹಲ್ಲುಗಳು ಹೋದರೂ ಮುಂದಿನವು ಮತ್ತು ಅವುಗಳ ಹಿಂದಿನ ಕಿರುದವಡೆ ಹಲ್ಲುಗಳು ಗಟ್ಟಿಯಾಗಿದ್ದು ಸರಿಯಾಗಿ ಕೂಡಿದರೆ ಬಹಳ ಜನ ಆರಾಮಾಗಿ ಉಂಡುಕೊಂಡಿರುತ್ತಾರೆ. ಎತ್ತರ ನಿಂತಿದೆ, ಉಳಿದವು ಅಲ್ಲಾಡಿಲ್ಲ, ಊಟಕ್ಕೆ ತೊಂದರೆಯಿಲ್ಲ ಎಂದಾದರೆ ಸುಮ್ಮನೆ ಕಾಯುವುದೂ ಒಂದು ಚಿಕಿತ್ಸೆಯೇ. ನಿಮ್ಮ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ರೇಟಿನದ್ದಲ್ಲ: "ನನ್ನ ಎತ್ತರ ಕುಸಿದಿದೆಯಾ?"

ಕಟ್ಟುವ ಮುಂಚಿನ ಕೆಲಸ

ಮಾವ ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ. "ಸೋಮವಾರ, ಗುರುವಾರ ಕರೀಬ್ಯಾಡ್ರಿ ಡಾಕ್ಟ್ರ, ಪ್ಯಾಟಿ ಇರತೈತಿ." ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನಡೆಯುವ ದಿನಗಳವು, ಅಂಗಡಿ ಕೆಲಸ ಬಿಟ್ಟರೂ ಅವರು ಆ ದಿನ ಪೇಟೆ ತಪ್ಪಿಸುವುದಿಲ್ಲ.

ಮೊದಲ ಎರಡು ಮೂರು ಭೇಟಿಗಳಲ್ಲಿ ಹೊಸ ಹಲ್ಲಿನ ಸುದ್ದಿಯೇ ಇರುವುದಿಲ್ಲ, ಅದಕ್ಕೆ ಬೇಸರಪಡಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ರಕ್ತ ತೆಳುಮಾಡುವ ಮಾತ್ರೆ ಇದೆಯೇ, ಎಲುಬು ಸವೆತಕ್ಕೆ ಔಷಧ ತೆಗೆದುಕೊಂಡಿದ್ದೀರಾ ಎಂದು ಕೇಳುತ್ತಾರೆ, ಮುಚ್ಚಿಡಬೇಡಿ. ಎರಡೂ ದವಡೆ ಒಟ್ಟಿಗೆ ಕಾಣುವ ಒಪಿಜಿ ಎಂಬ ಎಕ್ಸ್‌ರೇ ತೆಗೆಯುತ್ತಾರೆ. ಬಾಯಿ ಎಷ್ಟು ತೆರೆಯುತ್ತದೆಂದೂ ನೋಡುತ್ತಾರೆ. ನಿಮ್ಮವೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲಿನ ನಡುವೆ ಹಿಡಿಯಬೇಕು. ಗುಟ್ಕಾ, ಅಡಿಕೆ ಜಗಿದು ಕೆನ್ನೆಯ ಒಳಪದರ ಬಿಗಿದು ನಾರುಗಟ್ಟಿದವರಲ್ಲಿ ಒಂದೂವರೆ ಬೆರಳಿಗೇ ನಿಲ್ಲುತ್ತದೆ. ಅಂಥವರ ಹಿಂದಿನ ಹಲ್ಲನ್ನು ಮುಟ್ಟುವುದಕ್ಕೇ ಸಾಧನಗಳು ಹೋಗುವುದಿಲ್ಲ, ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಕುರ್ಚಿಯ ಮೇಲೆ ಮಲಗಿದ ಬಾಯಿಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಅಡಿಕೆಯನ್ನೇ, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪಟ್ಟಿ ಮಾಡಿದೆ.

ಆಮೇಲೆ ನೆಲ ಹದಮಾಡುವ ಕೆಲಸ. ವಸಡಿನ ಕೆಳಗೆ ಗಟ್ಟಿಯಾದ ಪಾಚಿ ತೆಗೆಯುವುದು, ಉಳಿಯದ ಹಲ್ಲು ಕೀಳುವುದು, ಉಳಿಸಬಹುದಾದವಕ್ಕೆ ರೂಟ್ ಕೆನಾಲ್. ಮಾವನ ಇಳಿದುಬಂದ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ತಲೆಯನ್ನು ತಗ್ಗಿಸಿ ಸಾಲಿಗೆ ತಂದರು.

ಗುಂಡಿ ಮರೆಯದ ಎತ್ತು

ಅಳತೆ ತೆಗೆಯುವ ದಿನವೇ ಈ ಚಿಕಿತ್ಸೆಯ ಜೀವಾಳ. ಮೆತ್ತನೆಯ ಪುಡಿ ಕಲಸಿ ತಟ್ಟೆಯಲ್ಲಿಟ್ಟು ಕಚ್ಚಿಸಿ ಅಚ್ಚು ತೆಗೆಯುತ್ತಾರೆ, ಈಗ ಕೆಲವೆಡೆ ಪೆನ್ನಿನಂಥ ಸ್ಕ್ಯಾನರ್ ಆಡಿಸುತ್ತಾರೆ. ಹಲ್ಲಿನ ಆಕಾರ ಸಿಗುವುದು ಸುಲಭ. ದವಡೆ ನಿಜವಾಗಿ ಎಲ್ಲಿ ಮುಚ್ಚಬೇಕು ಎಂದು ಹಿಡಿಯುವುದು ಕಷ್ಟ.

ಯಾಕೆಂದರೆ ಸ್ನಾಯುಗಳಿಗೆ ನೆನಪಿದೆ. ದಾರಿಯಲ್ಲೊಂದು ಗುಂಡಿ ಇದ್ದಾಗ ಪಕ್ಕಕ್ಕೆ ಸರಿದು ನಡೆದು ರೂಢಿಯಾದ ಎತ್ತು, ಗುಂಡಿ ಮುಚ್ಚಿದ ಮೇಲೂ ಅಲ್ಲಿ ಬಂದಾಗ ಚಕ್ಕಡಿಯನ್ನು ಪಕ್ಕಕ್ಕೇ ಎಳೆಯುತ್ತದೆ. ಓರೆ ಹಲ್ಲೊಂದು ಮೊದಲು ತಾಗುತ್ತಿದ್ದರೆ ದವಡೆಯೂ ಹೀಗೇ ವರ್ಷಗಟ್ಟಲೆ ಅದನ್ನು ತಪ್ಪಿಸಿ ಪಕ್ಕದಿಂದ ಬಂದು ಮುಚ್ಚುತ್ತದೆ. "ಕಚ್ಚಿ" ಎಂದರೆ ರೂಢಿಯ ಕಚ್ಚನ್ನು ಕಚ್ಚುತ್ತಾರೆ. ಆ ರೂಢಿಯನ್ನು ಮರೆಸಬೇಕು. ಮುಂಬಲ್ಲುಗಳ ನಡುವೆ ಸಣ್ಣ ಪಟ್ಟಿಯೊಂದನ್ನಿಟ್ಟು ಹಿಂದಿನವು ಒಂದಕ್ಕೊಂದು ತಾಗದಂತೆ ಕೆಲವು ನಿಮಿಷ ಬಿಡುತ್ತಾರೆ. ಕೆಲವರಿಗೆ ಪ್ಲಾಸ್ಟಿಕ್ಕಿನ ತಟ್ಟೆ ಮಾಡಿಕೊಟ್ಟು ವಾರಗಟ್ಟಲೆ ರಾತ್ರಿ ಹಾಕಿಕೊಳ್ಳಲು ಹೇಳುತ್ತಾರೆ. ಸ್ನಾಯು ಸಡಿಲಾದ ಮೇಲೆ ಕೀಲು ತನ್ನ ಗೂಡಿನಲ್ಲಿ ಸರಿಯಾಗಿ ಕೂತು ದವಡೆ ಎಲ್ಲಿ ಮುಚ್ಚುತ್ತದೋ ಅದನ್ನು ಮೇಣದಲ್ಲಿ ಹಿಡಿಯುತ್ತಾರೆ.

ಮಾವನ ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು "ಅಮ್ಮ ಅನ್ರಿ" ಎಂದರು. ಅಳೆದರು. "ಈಗ ಕಚ್ರಿ." ಮತ್ತೆ ಅಳೆದರು. ಎರಡು ಅಳತೆಗಳ ನಡುವೆ 2ರಿಂದ 4 ಇರಬೇಕಾದಲ್ಲಿ 8 ಮಿಲಿಮೀಟರ್ ಇತ್ತು. ಮಾಡು ಇಳಿದಿದ್ದು ಅಳತೆಗೆ ಸಿಕ್ಕಿತು. ಆಮೇಲೆ ಅಚ್ಚುಗಳನ್ನು ದವಡೆಯಂತೆಯೇ ತೆರೆದು ಮುಚ್ಚುವ ಕಬ್ಬಿಣದ ಯಂತ್ರವೊಂದಕ್ಕೆ ಕೂಡಿಸಿ, ಹೊಸ ಎತ್ತರಕ್ಕೆ ಮೇಣದ ಹಲ್ಲು ಕಟ್ಟಿ ತೋರಿಸಿದರು. ಬೀಸುಗಲ್ಲಿನ ಮೇಲ್ಗಲ್ಲು ಕೆಳಗಲ್ಲು ಗೂಟಕ್ಕೆ ಸರಿಯಾಗಿ ಕೂತು ಸುತ್ತಲೂ ಸಮನಾಗಿ ತಾಗದಿದ್ದರೆ ಜೋಳ ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ನುಚ್ಚು. ಮೇಣದ ಹಲ್ಲಿನಲ್ಲಿ ನೋಡುವುದು ಇದನ್ನೇ: ಕಿವಿಯ ಮುಂದಿನ ಕೀಲಿಗೂ ಎಲ್ಲ ಹಲ್ಲಿನ ಮುಖಕ್ಕೂ ತಾಳೆಯಾಗಿದೆಯೇ. ಒಂದು ಹಲ್ಲನ್ನು ಮಾತ್ರ ಎತ್ತರಿಸಿದರೆ ಉಳಿದವು ಗಾಳಿಯಲ್ಲಿ ನಿಲ್ಲುತ್ತವೆ. ಎತ್ತರ ಬದಲಿಸಬೇಕೆಂದರೆ ಒಂದಿಡೀ ಸಾಲನ್ನು, ಬಹಳ ಸಲ ಎರಡನ್ನೂ, ಒಟ್ಟಿಗೆ ಬದಲಿಸದೆ ದಾರಿಯಿಲ್ಲ. ಒಂದು ಹಂಚಿಗೆ ಇಡೀ ಮನೆ ಏಕೆ ಎಂಬ ಮಾವನ ಪ್ರಶ್ನೆಗೆ ಉತ್ತರ ಈ ಕಬ್ಬಿಣದ ಯಂತ್ರದ ಮೇಲೆ ಕೂತಿತ್ತು.

ತಾತ್ಕಾಲಿಕ ಎಂದರೆ ತಾತ್ಸಾರವಲ್ಲ

ಮೇಣದ ಆಕಾರವನ್ನೇ ಪ್ಲಾಸ್ಟಿಕ್ಕಿನಲ್ಲಿ ತೆಗೆದು ತಾತ್ಕಾಲಿಕ ಹಲ್ಲು ಕೂಡಿಸುತ್ತಾರೆ. ಕೆಲವು ವಾರ, ಕೆಲವೊಮ್ಮೆ ಎರಡು ಮೂರು ತಿಂಗಳು ಅದರಲ್ಲೇ ಊಟ, ಮಾತು, ನಿದ್ದೆ. ಬಹಳ ಮಂದಿ ಇದನ್ನು ದಿನ ದೂಡುವ ಉಪಾಯ ಎಂದುಕೊಳ್ಳುತ್ತಾರೆ. ಇದು ಹೊಸ ಎತ್ತರದ ಪರೀಕ್ಷೆ. ಕಪೋಲ ನೋಯುತ್ತದೆಯೇ, ಬೆಳಿಗ್ಗೆ ತಲೆ ಭಾರವೇ, ಕ್ಯಾಪು ಒಂದೇ ಕಡೆ ಒಡೆಯುತ್ತಿದೆಯೇ? ಪ್ಲಾಸ್ಟಿಕ್ಕನ್ನು ತೇಯಬಹುದು, ಸೇರಿಸಬಹುದು. ಜಿರ್ಕೋನಿಯಾದ ಕಾಯಂ ಹಲ್ಲು ಬಂದ ಮೇಲೆ ತಿದ್ದುವುದು ಕಷ್ಟ, ದುಬಾರಿ.

ಮಾತಿನ ಪರೀಕ್ಷೆಯೂ ಇದೆ. ನಮ್ಮ ವ್ಯಾಕರಣದವರು ತ, ಥ, ದ, ಧ, ನಗಳನ್ನೂ ಲ, ಸಗಳನ್ನೂ ದಂತ್ಯ ಎಂದು ಹೆಸರಿಟ್ಟು ಶತಮಾನಗಳೇ ಆದವು. 'ಸ' ಹೇಳುವಾಗ ಮೇಲಿನ ಕೆಳಗಿನ ಮುಂಬಲ್ಲುಗಳ ಅಂಚು ಸುಮಾರು ಒಂದು ಮಿಲಿಮೀಟರ್‌ವರೆಗೆ ಸಮೀಪಿಸಿ, ತಾಗದೆ ನಿಲ್ಲುತ್ತವೆ. ಎತ್ತರ ಹೆಚ್ಚಾಗಿ ಕಟ್ಟಿದ್ದರೆ ಅಲ್ಲಿ ಟಕ್ಕೆಂದು ತಾಗುತ್ತದೆ. "ಸಾಸಿವೆ, ಸೀತಾಫಲ, ಸೋಮವಾರ ಅನ್ರಿ," ಎಂದು ಡಾಕ್ಟರು ಹೇಳಿಸಿದರು. ಮಾವ ಸೋಮವಾರವನ್ನು ಎರಡು ಸಲ ಒತ್ತಿ ಹೇಳಿದರು.

ಬಣ್ಣ ಆರಿಸುವಾಗ ಮಾತ್ರ ಅವರು ಯಜಮಾನಿಕೆ ಬಿಟ್ಟುಕೊಡಲಿಲ್ಲ. ಡಾಕ್ಟರು ಹದಿನಾರು ಬಣ್ಣದ ಹಲ್ಲಿನ ಮಾದರಿಗಳ ಪಟ್ಟಿ ಹಿಡಿದರೆ, ಇವರು ಅದನ್ನು ಕಸಿದುಕೊಂಡು ಬಾಗಿಲಿಗೆ ಹೋಗಿ ಬಿಸಿಲ ಬೆಳಕಿಗೆ ಹಿಡಿದರು. ಮೆಣಸಿನಕಾಯಿಯ ಬಣ್ಣಕ್ಕೆ ಆಸ್ಟಾ ಎಂಬ ಅಳತೆ ಇದ್ದರೂ ಪೇಟೆಯಲ್ಲಿ ಮೊದಲು ನಂಬುವುದು ಕಣ್ಣನ್ನು. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಬಾರದು ಎಂಬ ಅವರ ಮಾತು ದಂತವೈದ್ಯದ ಪುಸ್ತಕದಲ್ಲೂ ಇದೆ. ಬೆಳ್ಳಗಿನದನ್ನು ಬಿಟ್ಟು ತುಸು ಹಳದಿಯದನ್ನೇ ಆರಿಸಿದರು. ಅರವತ್ತು ದಾಟಿದವನ ಬಾಯಲ್ಲಿ ಹಾಲಿನಂಥ ಬಿಳಿ ಹಲ್ಲು ಇದ್ದರೆ ಜನ ಹಲ್ಲನ್ನೇ ನೋಡುತ್ತಾರೆ ಎಂಬುದು ಅವರ ವಾದ.

ಮೊಲದ ಕಾಲಿನಿಂದ ಬಂದ ಸ್ಕ್ರೂ

ಖಾಲಿ ಜಾಗಕ್ಕೆ ಏನು ಕೂಡಿಸುವುದು? ಅಕ್ಕಪಕ್ಕದ ಹಲ್ಲು ತೇದು ಸೇತುವೆ ಕಟ್ಟಬಹುದು. ತೆಗೆದು ಹಾಕುವ ಸೆಟ್ಟು ಮಾಡಬಹುದು. ಅಥವಾ ಎಲುಬಿಗೆ ಟೈಟಾನಿಯಂ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲು ನಿಲ್ಲಿಸಬಹುದು, ಜನ ಇಂಪ್ಲಾಂಟ್ ಎನ್ನುವುದು ಇದನ್ನು.

ಸ್ಕ್ರೂ ಹಲ್ಲಿನ ಹುಟ್ಟು ಹಲ್ಲಿನ ಆಸ್ಪತ್ರೆಯಲ್ಲಲ್ಲ. 1952ರಲ್ಲಿ ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲೆಲುಬಿನಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂನ ಸಣ್ಣ ಗೂಡೊಂದನ್ನು ಕೂಡಿಸಿದ್ದರು. ಪ್ರಯೋಗ ಮುಗಿದು ತೆಗೆಯಹೋದರೆ ಬರಲಿಲ್ಲ, ಎಲುಬು ಅದನ್ನು ಹಿಡಿದುಕೊಂಡಿತ್ತು. ಹೊರಗಿನ ವಸ್ತುವನ್ನು ದೇಹ ತಳ್ಳುತ್ತದೆ ಎಂದು ನಂಬಿದ್ದ ಕಾಲ. ಟೈಟಾನಿಯಂ ಗಾಳಿಗೆ ತೆರೆದ ಕ್ಷಣದಲ್ಲೇ ತನ್ನ ಮೇಲೆ ಆಕ್ಸೈಡಿನ ತೆಳುಪೊರೆ ಎಳೆದುಕೊಳ್ಳುತ್ತದೆ, ಎಲುಬಿಗೆ ಆ ಪೊರೆ ಪರಕೀಯವಲ್ಲ. 1965ರಲ್ಲಿ ಯೋಸ್ಟ ಲಾರ್ಸನ್ ಎಂಬುವರ ಕೆಳದವಡೆಗೆ ಮೊದಲ ಸ್ಕ್ರೂಗಳು ಬಿದ್ದವು. 2006ರಲ್ಲಿ ತೀರಿಕೊಳ್ಳುವವರೆಗೆ ಅವರು ಅದರಲ್ಲೇ ಉಂಡರು.

ಎಲುಬು ಹಿಡಿಯಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು ಬೇಕು. ಹೊಗೆಸೊಪ್ಪು ಮತ್ತು ಹತೋಟಿ ತಪ್ಪಿದ ಸಕ್ಕರೆ ಇದರ ದೊಡ್ಡ ವೈರಿಗಳು. ಇನ್ನೊಂದು ಮಾತು ಗೊತ್ತಿರಲಿ: ಸ್ಕ್ರೂಗೆ ಜೋಲಿಯಿಲ್ಲ. ಅದು ನಿಜಕ್ಕೂ ಗೋಡೆಗೆ ಹೊಡೆದ ಮೊಳೆ. ಸ್ವಂತ ಹಲ್ಲಿನ ಸೂಕ್ಷ್ಮ ಅದಕ್ಕೆ ಬರದು, ಕಲ್ಲು ಸಿಕ್ಕರೆ ತಡವಾಗಿ ತಿಳಿಯುತ್ತದೆ. ಪಕ್ಕದ ಹಲ್ಲು ಒತ್ತಿದಾಗ ಜೋಲಿಯಲ್ಲಿ ತುಸು ತಗ್ಗುತ್ತದೆ, ಇದು ತಗ್ಗುವುದಿಲ್ಲ. ಅದಕ್ಕೇ ಇವೆರಡನ್ನು ಒಂದೇ ಎತ್ತರಕ್ಕೆ ಕೂಡಿಸುವಾಗ ಕೂದಲೆಳೆಯ ಲೆಕ್ಕ.

ಹಲ್ಲೆಲ್ಲ ಹೋದವರಿಗೆ ಪೂರ್ಣ ಸೆಟ್ಟು ಈಗಲೂ ಮರ್ಯಾದೆಯ ಚಿಕಿತ್ಸೆ, ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಬಡ ಕುಟುಂಬದ ಹಿರಿಯರಿಗೆ ರಾಜ್ಯದ ದಂತಭಾಗ್ಯ ಯೋಜನೆಯಲ್ಲಿ ದಂತ ಕಾಲೇಜುಗಳ ಮೂಲಕ ಇದನ್ನು ಉಚಿತವಾಗಿ ಕೊಟ್ಟಿದ್ದಾರೆ. ಹಾವೇರಿ ಸೀಮೆಯವರಿಗೆ ದಾವಣಗೆರೆಯ ಎರಡು ಕಾಲೇಜುಗಳೂ ಧಾರವಾಡದ ಎಸ್‌ಡಿಎಂ ಕಾಲೇಜೂ ಒಂದು ಹೊತ್ತಿನ ಪ್ರಯಾಣ. ಮೇಲಿನ ಸೆಟ್ಟು ಕೂರಲು ಸುಮಾರು 23 ಚದರ ಸೆಂಟಿಮೀಟರ್ ಜಾಗವಿದೆ, ಕೆಳಗಿನದಕ್ಕೆ 12 ಮಾತ್ರ, ಅದರ ನಡುವೆ ಆಡುವ ನಾಲಿಗೆ ಬೇರೆ. ಕೆಳಗಿನದು ಕುಣಿಯುತ್ತದೆ ಎಂದು ಎಲ್ಲರೂ ದೂರುವುದು ಸುಮ್ಮನೆ ಅಲ್ಲ. ಸೆಟ್ಟು ಎಲುಬನ್ನು ಎಳೆಯುವುದಿಲ್ಲ, ಮೇಲಿನಿಂದ ಒತ್ತುತ್ತದೆ. ಆದ್ದರಿಂದ ದಿಂಡು ವರ್ಷವರ್ಷವೂ ಸವೆದು, ಕೂಡಿಸಿದ ಸೆಟ್ಟು ಸಡಿಲಾಗುತ್ತದೆ. ಹಿಂದೆ ಜಾತ್ರೆಯೊಂದರಲ್ಲಿ ನಮ್ಮ ಅತ್ತೆ ಹತ್ತು ನಿಮಿಷದಲ್ಲಿ ಹಲ್ಲು ಕಟ್ಟಿಸಿಕೊಂಡು ಬಂದಿದ್ದರು: ಪಕ್ಕದ ಹಲ್ಲುಗಳಿಗೆ ತಂತಿ ಸುತ್ತಿ, ಬಾಯಲ್ಲೇ ಗಟ್ಟಿಯಾಗುವ ಪ್ಲಾಸ್ಟಿಕ್ ಮೆತ್ತಿದ ಕೆಲಸ. ತೆಗೆಯಲೂ ಬಾರದು, ತೊಳೆಯಲೂ ಬಾರದು. ವರ್ಷದೊಳಗೆ ಆಧಾರಕ್ಕಿದ್ದ ಎರಡು ಒಳ್ಳೆಯ ಹಲ್ಲೂ ಅದರ ಜೊತೆಗೇ ಹೋದವು.

ನೀಲಿ ಚುಕ್ಕೆ

ಶುರುವಾಗಿ ಏಳನೆಯ ತಿಂಗಳು, ಒಂದು ಬುಧವಾರ, ಮಾವನ ಕೊನೆಯ ಹಲ್ಲುಗಳು ಕೂತವು. ಹಿಂದೆ ಎರಡು ಸ್ಕ್ರೂ, ಉಳಿದವಕ್ಕೆ ಕ್ಯಾಪು, ಮುರಿದ ಮುಂಬಲ್ಲಿಗೆ ಸೇತುವೆ. ಡಾಕ್ಟರು ನೀಲಿ ಕಾಗದದ ಪಟ್ಟಿ ಇಟ್ಟು "ಕಚ್ರಿ, ಅತ್ಲಾಗ ಇತ್ಲಾಗ ಅರೀರಿ" ಎಂದರು. ಹಲ್ಲಿನ ಮೇಲೆ ನೀಲಿ ಚುಕ್ಕೆಗಳು ಮೂಡಿದವು. ಕಡು ಚುಕ್ಕೆ ಕಂಡಲ್ಲಿ ತುಸು ತೇದರು. ಮತ್ತೆ ಕಾಗದ, ಮತ್ತೆ ತೇಯುವುದು. ಮುಕ್ಕಾಲು ಗಂಟೆ ಇದೇ.

"ಈಗ ಹೆಂಗ ಅನಸ್ತದ?"

"ಬಲಕ್ಕ ಒಂದು ಕೂದಲಾ ಕಚ್ಚಿಧಂಗ ಆಗತೈತಿ."

ಕೂದಲೆಂದರೆ 60-70 ಮೈಕ್ರಾನ್. ಮಾವನ ಉಳಿದ ಸ್ವಂತ ಬೇರುಗಳ ಜೋಲಿನಾರು ಇನ್ನೂ ಕೆಲಸ ಮಾಡುತ್ತಿತ್ತು. ಡಾಕ್ಟರು ನಕ್ಕು ಇನ್ನೊಂದು ಚುಕ್ಕೆ ತೇದರು. ರಾತ್ರಿ ಹಾಕಿಕೊಳ್ಳಲು ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ ಕೊಟ್ಟು, ಸೇತುವೆಯ ಕೆಳಗೆ ತೂರಿಸುವ ಸಣ್ಣ ಬ್ರಷ್ಷು ತೋರಿಸಿ, ಆರು ತಿಂಗಳಿಗೊಮ್ಮೆ ಬರಲೇಬೇಕು, ಎರಡು ವಾರ ಮೆತ್ತಗಿನದ್ದೇ ತಿನ್ನಬೇಕು ಎಂದು ಹೇಳಿ ಕಳಿಸಿದರು.

ನಾಲ್ಕನೆಯ ದಿನವೇ ಮಾವನ ಫೋನು. ಕಟಕ್ ರೊಟ್ಟಿ ಮುರಿದು ರಂಜಕ ಹಚ್ಚಿಕೊಂಡು ತಿನ್ನಲು ಹೋಗಿ ಕೆನ್ನೆ ಕಚ್ಚಿಕೊಂಡಿದ್ದರು. ಇದೂ ಆಗುವಂಥದ್ದೇ, ಇಪ್ಪತ್ತು ವರ್ಷ ಖಾಲಿ ಜಾಗದೊಳಗೆ ಸರಿದು ಕೂತು ರೂಢಿಯಾದ ಕೆನ್ನೆಗೆ, ಅಲ್ಲಿ ಮತ್ತೆ ಹಲ್ಲು ಬಂದದ್ದು ಗೊತ್ತಾಗಲು ಕೆಲವು ವಾರ ಹಿಡಿಯುತ್ತದೆ. ಅದನ್ನೇ ಹೇಳಿದೆ. ಉರಿಯುತ್ತಿದೆಯಾ ಎಂದು ಕೇಳಿದೆ.

"ಉರೀದ ಬಿಡತೈತಿ? ಪುಣ್ಯಾಕ್ಕ ನಮ್ಮ ಬ್ಯಾಡಗಿ ಕಾಯಿ ರಂಜಕ, ಬರೇ ಬಣ್ಣ. ಗುಂಟೂರದ್ದಾಗಿದ್ರ ಇವತ್ತ ನಿಮ್ಮ ಡಾಕ್ಟ್ರನ್ನ ಮನೀಗೇ ಕರಸ್ತಿದ್ದೆ."